ಖಾಲಿ ಬಿಟ್ಟ ಕೆರೆ

ಕೊಕ್ಕರೆ ಕೆರೆ
ಫೆಬ್ರವರಿ ೧೧

ಮಿರ್ನಾ,

ಮನೆಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಯಾಕೆ ಬರೆದಳು ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಬೈಯುತ್ತೇನೆ, ನೀನು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಕೊನೆವರೆಗೂ ಓದುತ್ತೀಯ ಅನ್ನುವ ನಂಬಿಕೆ.

ನಿನ್ನೆ ಮುದುಕ ಯೂಜೀನ್ ನನ್ನನ್ನು ನಮ್ಮ ಬುಡಕಟ್ಟಿನ ಕೌನ್ಸಿಲ್ ಕಚೇರಿಗೆ ಕರೆದುಕೊಂಡು ಹೋಗಿದ್ದ. ಎಣ್ಣೆ ಕೊಳವೆ ಹಾಕುವವರ ವರದಿ ಬಂದಿದೆ, ಇಟ್ಟಿಗೆಯಷ್ಟು ದಪ್ಪ. ಅದರಲ್ಲಿ ನಮ್ಮ ಕೆರೆಗೆ ಸಿಕ್ಕಿರುವುದು ಮೂರು ಸಾಲು. ಒಂದನೆಯದು ಕೆರೆಯ ಅಳತೆ. ಎರಡನೆಯದು, ‘ಸುಗ್ಗಿಯ ಸಮಯದಲ್ಲಿ ನೋಡಿದಾಗ ಇಲ್ಲಿ ಯಾರೂ ಭತ್ತ ತೆಗೆಯುತ್ತಿರಲಿಲ್ಲ’ ಅಂತ. ಮೂರನೆಯದು, ‘ದಾರಿ ತೋರಿಸಿದವರು ಸ್ಥಳೀಯರಾದ ಮಿರ್ನಾ ಗುಡ್‌ಸ್ಕೈ’ ಅಂತ.

ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಮಿರ್ನಾ ಗುಡ್‌ಸ್ಕೈ ಅಂದರೆ ನನ್ನ ಗಂಡನ ಒಡಹುಟ್ಟಿದ ತಂಗಿ. ಈ ಕೆರೆಯ ನೀರಿನಲ್ಲಿ ತಾನಾಗಿ ಬೆಳೆಯುವ ಕಾಡು ಭತ್ತ ತಿಂದೇ ಹಲ್ಲು ಬಂದವಳು. ನಿಮ್ಮಣ್ಣ ನಲವತ್ತು ವರ್ಷ ಈ ಕೆರೆಯ ಯಜಮಾನರಾಗಿದ್ದರು. ಅವರು ತೆನೆ ಮುಟ್ಟಿ ನೋಡಿ ‘ಹಣ್ಣಾಗಿದೆ, ಇಳೀರಿ’ ಅನ್ನುವವರೆಗೆ ಒಂದು ದೋಣಿ ನೀರಿಗೆ ಬೀಳುತ್ತಿರಲಿಲ್ಲ.

ಮೊದಲು ಆ ಕೊಳವೆ ಉತ್ತರದ ರೈಲು ಹಳಿಯ ಪಕ್ಕ ಹೋಗುವುದಿತ್ತಂತೆ. ಈಗ ನಮ್ಮ ಕೆರೆಗೆ ನೀರು ತರುವ ತೊರೆಯನ್ನು ದಾಟಿಸುತ್ತಾರೆ. ಇಲ್ಲಿ ಯಾರಿಗೂ ತೊಂದರೆಯಿಲ್ಲವಲ್ಲ, ಯಾರೂ ಭತ್ತ ತೆಗೆಯುವುದೇ ಇಲ್ಲವಲ್ಲ. ನಮ್ಮ ಹಿರಿಯರು ಸರ್ಕಾರಕ್ಕೆ ನೆಲ ಬಿಟ್ಟುಕೊಟ್ಟಾಗಲೂ ಈ ನೀರಿನ ಭತ್ತ, ಮೀನು, ಕಾಡಿನ ಬೇಟೆ ನಮಗೇ ಇರಲಿ ಅಂತ ಒಪ್ಪಂದದಲ್ಲಿ ಉಳಿಸಿಕೊಂಡಿದ್ದರು. ಅದನ್ನು ನೀನು ಒಂದು ಮಧ್ಯಾಹ್ನದಲ್ಲಿ ಕೊಟ್ಟು ಬಂದೆಯಾ?

ನೀನು ಅವರಿಗೆ ಏನಂದೆ? ಅಷ್ಟು ಬರೆ, ಸಾಕು.

ರೊಸೆಲ್ಲಾ


ಡುಲುತ್
ಫೆಬ್ರವರಿ ೨೪

ಅತ್ತಿಗೆ,

ನಿಮ್ಮ ಕಾಗದ ಹತ್ತು ದಿನ ಫ್ರಿಜ್ಜಿನ ಮೇಲೆ ಕೂತಿತ್ತು. ನಿಮ್ಮ ನಂಬಿಕೆ ಸುಳ್ಳಾಗಲಿಲ್ಲ, ಕೊನೆವರೆಗೂ ಓದಿದೆ.

ಕೊಳವೆ ಕಂಪನಿಯ ಆ ಸರ್ವೆಯಲ್ಲಿ ದಾರಿ ತೋರಿಸಲು ಎರಡು ವಾರ ರಜೆ ಹಾಕಿ ಹೋಗಿದ್ದು ನಿಜ. ಗೊತ್ತಿಲ್ಲದ ಯಾರೋ ದಾರಿ ತೋರಿಸಿದರೆ ನಮ್ಮ ಹಳೆಯ ಸಮಾಧಿಗಳ ಮೇಲೆಯೇ ಗೂಟ ಹೊಡೆಸಿಬಿಡುತ್ತಾರೆ, ನಾನಿದ್ದರೆ ತಪ್ಪಿಸಬಹುದು ಅಂದುಕೊಂಡೆ. ಸಮಾಧಿಗಳನ್ನು ತಪ್ಪಿಸಿದೆ. ಏಳು ಕಡೆ.

ನಮ್ಮ ಕೆರೆಗೆ ಬಂದದ್ದು ಸೆಪ್ಟೆಂಬರಿನ ಒಂದು ಮಂಗಳವಾರ. ಅಣ್ಣ ಹೋಗಿ ಎರಡು ತಿಂಗಳಾಗಿತ್ತು. ದಡದಲ್ಲಿ ನಿಂತರೆ ಭತ್ತ ತಾನಾಗಿ ನೀರಿಗೆ ಉದುರುವ ಸದ್ದು ಕೇಳುತ್ತಿತ್ತು, ಬಾತುಗಳಿಗೆ ಹಬ್ಬ. ಜೊತೆಗಿದ್ದ ಹುಡುಗಿ ಒಳ್ಳೆಯವಳೇ, ಕೈಯಲ್ಲಿ ಟ್ಯಾಬ್ ಹಿಡಿದಿದ್ದಳು.

‘ಈ ಸುಗ್ಗೀಲಿ ಇಲ್ಲಿ ಯಾರಾದ್ರೂ ಭತ್ತ ತೆಗೆದ್ರಾ?’ ಅಂದಳು.

‘ಇಲ್ಲ’ ಅಂದೆ.

‘ಒಬ್ರೂ?’

‘ಒಬ್ರೂ ಇಲ್ಲ.’

ಅವಳು ಒಂದು ಕಡೆ ಬೆರಳೊತ್ತಿದಳು. ಯಾಕೆ ಅಂತ ಕೇಳುವ ಜಾಗ ಅದರಲ್ಲಿ ಇರಲಿಲ್ಲವೋ ಏನೋ, ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಣ್ಣನ ಸಾವನ್ನು ಒಬ್ಬ ಗುರುತಿಲ್ಲದ ಹುಡುಗಿಗೆ ಹೇಳಿ, ಅವಳು ಅದನ್ನೂ ಎಲ್ಲೋ ಒತ್ತಿಕೊಂಡು ‘ಅಯ್ಯೋ ಪಾಪ’ ಅನ್ನುವುದು ನನಗೆ ಬೇಕಿರಲಿಲ್ಲ. ಸಂಜೆ ಸಹಿ ಹಾಕು ಅಂದರು, ಹಾಕಿದೆ. ಕೊಳವೆ ಆಗ ಉತ್ತರದಲ್ಲೇ ಇತ್ತು. ನನ್ನ ಒಂದು ‘ಇಲ್ಲ’ ಅದನ್ನು ಎಳೆದು ತರುತ್ತದೆ ಅಂತ ನನಗೆ ಕನಸು ಬಿದ್ದಿತ್ತೇ?

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೈಯಿರಿ, ಬೇಡ ಅನ್ನುವುದಿಲ್ಲ.

ಮಿರ್ನಾ


ಕೊಕ್ಕರೆ ಕೆರೆ
ಮಾರ್ಚ್ ೯

ಮಿರ್ನಾ,

ಬೈಯುವುದನ್ನು ಊರೇ ಮಾಡುತ್ತಿದೆ, ನನಗೆ ಕೆಲಸ ಉಳಿಸಿಲ್ಲ. ನಿನಗೆ ಹೊಸ ಹೆಸರಿಟ್ಟಿದ್ದಾರೆ, ‘ಇಲ್ಲಮ್ಮ’ ಅಂತ. ಹೋದ ವಾರ ಊರಿನವರೊಬ್ಬರ ತಿಥಿಯ ಊಟಕ್ಕೆ ನೀನು ಬಂದಾಗ ನಿನ್ನ ಮೇಜಿಗೆ ಯಾರೂ ಬಂದು ಕೂರಲಿಲ್ಲ, ನೋಡಿದೆ. ನಾನೂ ಬರಲಿಲ್ಲ. ನೀನು ತಲೆ ತಗ್ಗಿಸಿ ಸೂಪು ಕುಡಿದು ಎದ್ದು ಹೋದೆ.

ಈಗ ಕೇಳು. ಕೌನ್ಸಿಲ್ ವಕೀಲೆ ಟೆಸ್ಸಾ ಬಂದಿದ್ದಳು. ಚಿಕ್ಕ ಹುಡುಗಿ, ಮಾತು ಮಾತ್ರ ಕೊಡಲಿ ಪೆಟ್ಟು. ಏಪ್ರಿಲ್ ಹದಿನೇಳಕ್ಕೆ ವಿಚಾರಣೆ. ಅವಳು ಹೇಳುವುದೇನೆಂದರೆ, ದಾರಿ ತೋರಿಸಿದ ನೀನೇ ಪ್ರಮಾಣ ಮಾಡಿ ಒಂದು ಹೇಳಿಕೆ ಕೊಡಬೇಕು. ಆ ವರ್ಷ ಕೆರೆಯ ಯಜಮಾನ ತೀರಿಕೊಂಡಿದ್ದರು. ನಮ್ಮಲ್ಲಿ ದುಃಖದಲ್ಲಿರುವವರು ವರ್ಷ ತುಂಬುವವರೆಗೆ ಹೊಸ ಬೆಳೆಯನ್ನು ಮುಟ್ಟುವುದಿಲ್ಲ. ವರ್ಷ ತುಂಬಿದ ಮೇಲೆ ಬೇರೆಯವರು ಹೊಸ ಅನ್ನದ ಮೊದಲ ತುತ್ತನ್ನು ಬಾಯಿಗಿಟ್ಟರೆ ದುಃಖ ಮುಗಿಯಿತು ಅಂತ. ಅದಕ್ಕೇ ಕೆರೆ ಖಾಲಿ ಇತ್ತು, ಅದು ಪದ್ಧತಿ, ಬಿಟ್ಟುಕೊಟ್ಟದ್ದಲ್ಲ. ಇಷ್ಟು ಬರೆದು ಸಹಿ ಹಾಕು.

ಒಂದು ಸಹಿಯಿಂದ ಹೋದದ್ದು ಇನ್ನೊಂದು ಸಹಿಯಿಂದ ಬರುವುದಾದರೆ ಬರಲಿ. ಬೇಗ ಕಳಿಸು.

ರೊಸೆಲ್ಲಾ


ಡುಲುತ್
ಮಾರ್ಚ್ ೨೦

ಅತ್ತಿಗೆ,

ಆ ಹೇಳಿಕೆಯನ್ನು ನಾನು ಕೊಡಲಾರೆ. ಟೆಸ್ಸಾ ಮೂರು ಸಲ ಫೋನ್ ಮಾಡಿದಳು, ಅವಳಿಗೆ ಕಾರಣ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ.

ದುಃಖದಲ್ಲಿರುವವರು ಇಳಿಯುವುದಿಲ್ಲ. ಅಂದರೆ ನೀವು, ನಾನು. ಇಡೀ ಊರು ಅಲ್ಲ. ನಮ್ಮಪ್ಪ ಹೋದ ವರ್ಷ ನಾವು ಮನೆಯಲ್ಲಿ ಕೂತೆವು, ಮಿಕ್ಕವರೆಲ್ಲ ಕೆರೆಗೆ ಇಳಿದರು, ನಮಗೂ ಪಾಲು ತಂದಿಟ್ಟರು.

ಹೋದ ಆಗಸ್ಟಿನಲ್ಲಿ, ಅಣ್ಣನ ಬದಲು ಕೆರೆ ನೋಡಿಕೊಳ್ಳಬೇಕಾಗಿದ್ದ ಯೂಜೀನ್, ಒಪ್ಪಿಗೆ ಕೇಳುವಾಗ ಕೊಡುವ ಹೊಗೆಸೊಪ್ಪು ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬಂದಿದ್ದ. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ‘ತೆನೆ ಹಣ್ಣಾಗ್ತಿದೆ ರೊಸೆಲ್ಲಾ. ನೀನು, ಮಿರ್ನಾ ಬೇಡ, ಸರಿ. ಮಿಕ್ಕೋರಿಗೆ ಇಳೀರಿ ಅನ್ನಲಾ?’ ಅಂದ. ನೀವು, ‘ಈ ವರ್ಷ ಯಾರೂ ಬೇಡ’ ಅಂದಿರಿ. ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ. ಮತ್ತೆ ಹಾಕಿಕೊಂಡು ಹೊರಟುಹೋದ.

ಊರಿನವರು ಬೇರೆ ಕೆರೆಗಳಿಗೆ ಹೋದರು, ತುಟಿ ಬಿಚ್ಚಲಿಲ್ಲ. ನಿಮ್ಮ ಮೇಲಿನ ಮರುಕ. ಈಗ ಅದನ್ನು ಯಾರೂ ನೆನಪು ಮಾಡಿಕೊಳ್ಳುತ್ತಿಲ್ಲ, ‘ಇಲ್ಲಮ್ಮ’ ಒಬ್ಬಳು ಸಿಕ್ಕಿದ್ದಾಳಲ್ಲ. ನಾನು ಪ್ರಮಾಣ ಮಾಡಿ ನಿಂತರೆ ಕಂಪನಿಯ ವಕೀಲ ಕೇಳುವ ಎರಡನೇ ಪ್ರಶ್ನೆ, ‘ಮಿಕ್ಕವರನ್ನು ಯಾರು ತಡೆದರು?’ ಅಂತ. ಆಗ ನಾನು ಸುಳ್ಳು ಹೇಳಬೇಕು, ಇಲ್ಲ ನಿಮ್ಮ ಹೆಸರು ಹೇಳಬೇಕು. ಎರಡೂ ನನ್ನಿಂದಾಗದು.

ನಾನು ಡುಲುತ್‌ನಲ್ಲಿದ್ದೇನೆ. ಇಲ್ಲಿ ನನ್ನನ್ನು ಯಾರೂ ಏನೂ ಅನ್ನುವುದಿಲ್ಲ. ನೀವು ಅಲ್ಲೇ, ಅವರ ನಡುವೆಯೇ ಬಾಳಬೇಕು. ಆ ಹೆಸರು ನನ್ನ ಮೇಲೇ ಇರಲಿ ಬಿಡಿ.

ಮಿರ್ನಾ


ಕೊಕ್ಕರೆ ಕೆರೆ
ಏಪ್ರಿಲ್ ೧೯

ಮಿರ್ನಾ,

ನಿನ್ನ ಕಾಗದ ಬಂದ ಮೇಲೆ ಹದಿನೈದು ದಿನ ನಾನು ಕೆರೆ ಕಡೆಯ ಪರದೆ ಸರಿಸಲಿಲ್ಲ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ, ಇವಳು ಒಂದೂವರೆ ತಿಂಗಳಿಂದ ನನ್ನ ಹೊರೆ ಹೊತ್ತು ತಿರುಗುತ್ತಿದ್ದಾಳಲ್ಲ, ನಾನು ಅವಳ ಮೇಜಿಗೂ ಹೋಗಿ ಕೂರಲಿಲ್ಲವಲ್ಲ ಅಂತ ನಾಚಿಕೆಯಾಯಿತು. ಟೆಸ್ಸಾಗೆ ಫೋನ್ ಮಾಡಿ ನಾನೇ ಹೇಳಿಕೆ ಕೊಡುತ್ತೇನೆ ಅಂದೆ.

ವಿಚಾರಣೆ ಹೈಸ್ಕೂಲಿನ ಆಟದ ಹಾಲಿನಲ್ಲಿ. ಊರಿನವರೆಲ್ಲ ಬಂದಿದ್ದರು. ಕಂಪನಿಯ ವಕೀಲ ನಯವಾದ ಮನುಷ್ಯ, ನನಗೆ ನೀರಿನ ಲೋಟ ತಾನೇ ತಂದಿಟ್ಟ.

‘ದುಃಖದಲ್ಲಿರೋರು ಮಾತ್ರ ಇಳಿಯೋ ಹಾಗಿಲ್ಲ. ಅಷ್ಟೇ ಅಲ್ವಾ ನಿಮ್ಮ ಪದ್ಧತಿ?’ ಅಂದ.

‘ಅಷ್ಟೇ.’

‘ಹಾಗಾದ್ರೆ ಮಿಕ್ಕೋರು ಯಾಕೆ ಇಳೀಲಿಲ್ಲ?’

‘ನಾನು ಬೇಡ ಅಂದೆ.’

ಯೂಜೀನ್ ನೆಲ ನೋಡುತ್ತಿದ್ದ.

‘ನಿಮ್ಮ ಪದ್ಧತೀಲಿ ಇಲ್ಲದ್ದನ್ನ ಯಾಕಮ್ಮ ಅಂದ್ರಿ?’

ಮಿರ್ನಾ, ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಲ್ಲಿ ಮೈಕಿನ ಮುಂದೆ ಹೇಳಿದೆ. ‘ಮೂವತ್ತೆಂಟು ವರ್ಷ ನನ್ನ ಗಂಡ ದೋಣೀಲಿ ನಿಂತು ಕೋಲು ಹಾಕ್ತಿದ್ರು, ನಾನು ಕೂತು ತೆನೆ ಬಡೀತಿದ್ದೆ. ನನ್ನ ಮನೆ ಕಿಟಕಿ ಕೆರೆಗೇ ಇದೆ. ಬೇರೆಯೋರ ದೋಣಿ ಆ ನೀರಲ್ಲಿ ಹೋಗೋದು, ಬೇರೆಯೋರು ತೆನೆ ಬಡಿಯೋ ಸದ್ದು, ಆ ವರ್ಷ ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ಅದಕ್ಕೇ ಬೇಡ ಅಂದೆ. ಪದ್ಧತಿಯಲ್ಲ, ನನ್ನ ಹೊಟ್ಟೆಸಂಕಟ.’

ಅವನು ಮೆತ್ತಗೆ, ‘ಅಂದ್ರೆ ಹಕ್ಕನ್ನ ನೀವೇ ಬಳಸ್ಲಿಲ್ಲ’ ಅಂದ.

‘ನಿಮ್ಮನೇಲಿ ಸಾವಾದ್ರೆ ನಾಲ್ಕು ದಿನ ಅಕ್ಕಪಕ್ಕದೋರು ಊಟ ತರ್ತಾರೆ, ಒಲೆ ಹಚ್ಚಲ್ಲ’ ಅಂದೆ. ‘ಆಗ ಯಾರೋ ಬಂದು, ಈ ಮನೇಲಿ ಅಡುಗೆ ಮಾಡಲ್ಲ ಅಂತ ಬರ್ಕೊಂಡು, ಒಲೆ ಕಿತ್ತು ಅಲ್ಲೊಂದು ಚರಂಡಿ ತೋಡಿದ್ರೆ ಹೇಗಿರುತ್ತೆ? ಒಪ್ಪಂದದಲ್ಲಿ ಭತ್ತ ನಮ್ಮದು ಅಂತ ಬರೆದಿದೆ. ಸತ್ತೋರಿಗೆ ಅಳೋ ಹಾಗಿಲ್ಲ ಅಂತ ಬರೆದಿಲ್ಲ.’

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಬರೆದುಕೊಳ್ಳುವವನು ಬರೆದುಕೊಂಡ. ಅಷ್ಟೇ.

ಹೊರಗೆ ಬಂದಾಗ ಊರಿನವರು ನನಗೆ ದಾರಿ ಬಿಟ್ಟರು. ಯಾರೂ ಬೈಯಲಿಲ್ಲ, ಯಾರೂ ಹತ್ತಿರವೂ ಬರಲಿಲ್ಲ. ಕಾರಿನವರೆಗೆ ಒಬ್ಬಳೇ ನಡೆದೆ. ನಿನಗೆ ಆ ಊಟದ ದಿನ ಹೇಗಾಗಿತ್ತು ಅಂತ ಈಗ ಗೊತ್ತಾಯಿತು. ಕ್ಷಮಿಸು ಅನ್ನುವುದು ನನ್ನ ಬಾಯಿಗೆ ಒಗ್ಗದ ಮಾತು, ಕಷ್ಟಪಟ್ಟು ಬರೆಯುತ್ತಿದ್ದೇನೆ. ಕ್ಷಮಿಸು.

ರೊಸೆಲ್ಲಾ


ಡುಲುತ್
ಮೇ ೨೩

ಅತ್ತಿಗೆ,

ರೇಡಿಯೋದಲ್ಲಿ ಕೇಳಿದೆ. ಕೊಳವೆಗೆ ಅನುಮತಿ ಕೊಟ್ಟರಂತೆ. ತೊರೆಯ ದಾರಿಯೇ ಅಂತೆ. ನಿಮ್ಮ ಹೇಳಿಕೆಯನ್ನು ‘ಗೌರವದಿಂದ ಗಮನಿಸಲಾಗಿದೆ’ ಅಂತ ಓದಿದರು.

ಊರಿಂದ ಮೂರು ಜನ ನನಗೆ ಫೋನ್ ಮಾಡಿ ತಪ್ಪಾಯಿತು ಅಂದರು. ನೀವು ನನ್ನ ಹೆಸರು ತೊಳೆದಿರಿ, ಕೆರೆ ಉಳಿಯಲಿಲ್ಲ. ಅದಲುಬದಲು ಮಾಡುವ ಹಾಗಿದ್ದರೆ ಈ ಕ್ಷಣ ಮಾಡಿಕೊಳ್ಳುತ್ತಿದ್ದೆ.

ಏನಾದರೂ ತಿನ್ನಿ. ಬರೀ ಕಾಫಿ ಕುಡಿದುಕೊಂಡು ಕೂರಬೇಡಿ.

ಮಿರ್ನಾ


ಕೊಕ್ಕರೆ ಕೆರೆ
ಜುಲೈ ೩

ಮಿರ್ನಾ,

ಜೂನ್ ಒಂದಕ್ಕೇ ಯಂತ್ರಗಳು ಬಂದವು. ತೊರೆಯ ಪಕ್ಕ ಊರಿನವರು ಗುಡಾರ ಹಾಕಿದ್ದಾರೆ, ದೂರದೂರದಿಂದ ಹುಡುಗರು ಹುಡುಗಿಯರು ಬಂದು ಸರಪಳಿ ಕಟ್ಟಿಕೊಂಡು ಮಲಗುತ್ತಿದ್ದಾರೆ. ನನಗೆ ಮಲಗಿದರೆ ಏಳಲಾಗದು. ಅಡುಗೆಮನೆಯ ಕುರ್ಚಿ ತಂದು ದಾರಿಯ ನಡುವೆ ಕೂತೆ.

ಪೊಲೀಸಿನ ಹುಡುಗ ಪರಿಚಯದವನೇ. ‘ಎದ್ದೇಳಮ್ಮ’ ಅಂದ.

‘ಮಂಡಿ ನೋವು, ಏಳೋಕಾಗಲ್ಲ.’

‘ಹಾಗಾದ್ರೆ ಕುರ್ಚಿ ಸಮೇತ ಎತ್ತಬೇಕಾಗುತ್ತೆ.’

‘ಎತ್ತಪ್ಪ. ಮದುವೆ ದಿನಾನೂ ನನ್ನನ್ನ ಯಾರೂ ಎತ್ಕೊಂಡು ಹೋಗಿರಲಿಲ್ಲ.’

ಇಬ್ಬರು ಎತ್ತಿ ಬದಿಗಿಟ್ಟರು. ಮಾರನೇ ದಿನ ಮತ್ತೆ ಹೋದೆ. ನಾಲ್ಕನೇ ದಿನ ಕೈಗೆ ಬೇಡಿ ಹಾಕಿ ಠಾಣೆಗೆ ಕರೆದುಕೊಂಡು ಹೋದರು, ಕುರ್ಚಿಯನ್ನು ಇಟ್ಟುಕೊಂಡರು. ಬಿಡಿಸಿಕೊಂಡು ಬರಲು ಯೂಜೀನ್ ಬಂದ. ಮನೆ ಹತ್ತಿರ ಬಂದಾಗ, ‘ಅವತ್ತು ನಾನೂ ಎದುರು ಮಾತಾಡಬೇಕಿತ್ತು. ಆಡಲಿಲ್ಲ’ ಅಂದ.

ಇಷ್ಟು ತಮಾಷೆಯಾಗಿ ಬರೆದದ್ದು ಮುಂದಿನದನ್ನು ಬರೆಯಲು ಕೈ ಬರದೆ.

ಕೊಳವೆ ಹೂಳಲು ಕಾಲುವೆ ತೋಡುವಾಗ ನೆಲದೊಳಗಿನ ನೀರು ಉಕ್ಕಿತಂತೆ. ಪಂಪು ಹಚ್ಚಿ ತೊರೆಗೆ ಬಿಟ್ಟರು. ಹನ್ನೊಂದು ದಿನ. ನಮ್ಮ ಕೆರೆ ಒಂದು ಗೇಣು ಏರಿತು. ಜೂನಿನಲ್ಲಿ ನಮ್ಮ ಭತ್ತ ಎದ್ದು ನಿಂತಿರುವುದಿಲ್ಲ, ಎಲೆ ನೀರಿನ ಮೇಲೆ ಮಲಗಿರುತ್ತದೆ, ನಿನಗೆ ಹೇಳಬೇಕಿಲ್ಲ. ನೀರು ಏರಿದಾಗ ಎಲೆ ಅದರ ಜೊತೆ ಏಳಲು ಹೋಗಿ ಬೇರನ್ನೇ ಕಿತ್ತುಕೊಂಡು ಬಂತು. ಬೆಳಿಗ್ಗೆ ಎದ್ದು ನೋಡಿದರೆ ದಡದ ತುಂಬ ಹಸಿರು, ಬೇರು ಸಮೇತ, ಮೊಳಕಾಲು ಮುಳುಗುವಷ್ಟು. ನಾನು ನೀರಿಗಿಳಿದು ಒಂದೊಂದನ್ನೇ ತಿರುಗಿ ಕೆಸರಿಗೆ ಚುಚ್ಚಿದೆ. ಚುಚ್ಚಿದ್ದು ತೇಲಿಕೊಂಡು ಮೇಲೆ ಬರುತ್ತಿತ್ತು. ನಿಲ್ಲುವುದಿಲ್ಲ ಅಂತ ಗೊತ್ತಿದ್ದೂ ಮಧ್ಯಾಹ್ನದವರೆಗೆ ಅದನ್ನೇ ಮಾಡಿದೆ. ಆಮೇಲೆ ದಡದಲ್ಲಿ ಕೂತು ಅತ್ತೆ. ಅವರು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ನಾವೆಲ್ಲ ಎಣ್ಣೆಗೆ ಹೆದರಿ ಕೂತಿದ್ದೆವು. ಆ ಕೊಳವೆಯಲ್ಲಿ ಇನ್ನೂ ಒಂದು ಹನಿ ಎಣ್ಣೆ ಹರಿದಿಲ್ಲ. ಕೆರೆಯನ್ನು ಕೊಂದದ್ದು ನೀರು.

ಮೊನ್ನೆಗೆ ನಿಮ್ಮಣ್ಣ ಹೋಗಿ ವರ್ಷವಾಯಿತು. ಸೆಪ್ಟೆಂಬರಿನಲ್ಲಿ ಬಾ. ಭತ್ತ ಇರಲಿ ಬಿಡಲಿ ನಾನು ದೋಣಿ ಇಳಿಸುತ್ತೇನೆ. ಟೆಸ್ಸಾ ಮೇಲಿನ ಕೋರ್ಟಿಗೆ ಹಾಕಿದ್ದಾಳೆ, ಪ್ರತಿ ಸುಗ್ಗಿಯಲ್ಲೂ ಯಾರಾದರೂ ಇಳಿದದ್ದಕ್ಕೆ ಸಾಕ್ಷಿ ಇರಬೇಕಂತೆ. ಕೋಲು ಹಾಕಲು ಒಬ್ಬರು ಬೇಕು.

ರೊಸೆಲ್ಲಾ


ಡುಲುತ್
ಸೆಪ್ಟೆಂಬರ್ ೧೭

ಅತ್ತಿಗೆ,

ಬಸ್ಸಿನಲ್ಲಿ ಬರುವಾಗಲೇ ಬರೆಯಬೇಕು ಅಂದುಕೊಂಡೆ, ಅಂಗೈ ಬೊಬ್ಬೆ ಬಿಡಲಿಲ್ಲ. ಅಣ್ಣ ಆ ಕೋಲನ್ನು ಎಷ್ಟು ಹಗುರವಾಗಿ ಎತ್ತುತ್ತಿದ್ದ. ನೀವು ದೋಣಿಯಲ್ಲಿ ಕೂತು ‘ಎಡಕ್ಕೆ, ಎಡಕ್ಕೆ, ನಿಮ್ಮಣ್ಣನಿಗೆ ಇಷ್ಟು ಹೇಳಿಸ್ಕೊಳ್ಳೋ ಅಭ್ಯಾಸ ಇರಲಿಲ್ಲ’ ಅಂತ ರೇಗುತ್ತಿದ್ದದ್ದು ಕಿವಿಯಲ್ಲೇ ಇದೆ.

ಅಷ್ಟು ದೊಡ್ಡ ಕೆರೆಯನ್ನು ಮಧ್ಯಾಹ್ನದವರೆಗೆ ಸುತ್ತಿ ಒಂದು ಟೋಪಿ ತುಂಬಲಿಲ್ಲ. ಬೀಜಕ್ಕಿರಲಿ ಅಂತ ನೀವು ಅದನ್ನೂ ನೀರಿಗೆ ಚೆಲ್ಲಿದಿರಿ. ದಡದಲ್ಲಿ ಊರಿನವರು ನಿಂತು ನೋಡುತ್ತಿದ್ದರು. ಟೆಸ್ಸಾ ಫೋಟೋ ತೆಗೆಯುತ್ತಾ ಅಳುತ್ತಿದ್ದಳು.

ನಾನು ಬರೆಯಬೇಕಾದ್ದು ಸಂಜೆಯ ಮಾತು. ಯೂಜೀನ್ ಬೇರೆ ಕೆರೆಯ ಹೊಸ ಭತ್ತ ತಂದು, ಹುರಿದು, ಕೇರಿ, ಅನ್ನ ಮಾಡಿಸಿದ. ನಮ್ಮಿಬ್ಬರ ದುಃಖ ಮುಗಿಸಲು ಎಲ್ಲರೂ ಬಂದಿದ್ದರು. ಮೊದಲ ತುತ್ತು ನನಗೆ ಕೊಟ್ಟರು, ಬಾಯಿ ತೆರೆದೆ, ತಿಂದೆ. ಆಮೇಲೆ ನಿಮ್ಮ ಹತ್ತಿರ ಬಂದರು. ನೀವು ಬಾಯಿ ತೆರೆಯಲಿಲ್ಲ. ಯೂಜೀನ್ ಚಮಚ ಹಿಡಿದ ಕೈಯನ್ನು ಎಷ್ಟು ಹೊತ್ತು ಹಾಗೇ ಇಟ್ಟುಕೊಂಡಿದ್ದ. ಕೊನೆಗೆ ಆ ಮುದುಕ ಅನ್ನವನ್ನು ಬಟ್ಟಲಿಗೆ ವಾಪಸ್ಸು ಹಾಕಿದ.

ನೀವು ಹೀಗೆ ಮಾಡುತ್ತೀರಿ ಅಂತ ಗೊತ್ತಿದ್ದರೆ ನಾನೂ ತಿನ್ನುತ್ತಿರಲಿಲ್ಲ. ಈಗ ನಾನೊಬ್ಬಳೇ ಅಣ್ಣನನ್ನು ಬಿಟ್ಟು ಎದ್ದು ಬಂದ ಹಾಗಾಗಿದೆ. ಯಾಕೆ ಹಾಗೆ ಮಾಡಿದಿರಿ?

ಮಿರ್ನಾ


ಕೊಕ್ಕರೆ ಕೆರೆ
ಸೆಪ್ಟೆಂಬರ್ ೨೮

ಮಿರ್ನಾ,

ನೀನು ತಿಂದದ್ದು ಒಳ್ಳೆಯದೇ ಆಯಿತು. ಕೊರಗಬೇಡ. ಅಂಗೈಗೆ ಕರಡಿ ಕೊಬ್ಬು ಹಚ್ಚು, ಪಟ್ಟಣದ ಮುಲಾಮಿಗೆ ಆ ಬೊಬ್ಬೆ ಬಗ್ಗುವುದಿಲ್ಲ.

ನಾನು ಸೊಕ್ಕಿನಿಂದ ಬಾಯಿ ಮುಚ್ಚಿಕೊಂಡೆ ಅಂತ ಊರಿನಲ್ಲಿ ಮಾತಿದೆ. ಇರಬಹುದು, ಸೊಕ್ಕು ನನ್ನಲ್ಲಿ ಯಾವತ್ತು ಕಮ್ಮಿಯಿತ್ತು. ಆದರೆ ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಬೇರೆ. ಆ ತುತ್ತು ನುಂಗಿದರೆ ದುಃಖ ಮುಗಿಯಿತು ಅಂತ ಎಲ್ಲರ ಮುಂದೆ ಒಪ್ಪಿದ ಹಾಗೆ. ನಿಮ್ಮಣ್ಣನದನ್ನು ಮುಗಿಸಲು ನಾನು ತಯಾರಿದ್ದೆ. ಆದರೆ ಈಗ ಅದರೊಳಗೆ ಕೆರೆಯದೂ ಸೇರಿಕೊಂಡಿದೆ. ಒಂದನ್ನು ಬಿಡಿಸಿ ಇನ್ನೊಂದನ್ನು ಇಟ್ಟುಕೊಳ್ಳಲು ನನಗೆ ಬರುವುದಿಲ್ಲ. ಯೂಜೀನ್ ಮನೆಗೆ ಹೋಗಿ ಅವನಿಗೂ ಇದನ್ನು ಹೇಳಿದೆ. ‘ನಂಗೊತ್ತಾಯ್ತು, ಕಾಫಿ ಕುಡಿ’ ಅಂದ.

ಕೌನ್ಸಿಲಿನಲ್ಲಿ ನೀರು ನೋಡಿಕೊಳ್ಳುವವಳು ಬಂದು ಕೆಸರು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದಳು. ಹಳೆಯ ಬೀಜ ಕೆಳಗೆ ಇನ್ನೂ ಬದುಕಿದೆಯಂತೆ. ನಾವು ತೆಗೆಯದೆ ಬಿಟ್ಟ ವರ್ಷ ಉದುರಿದ್ದೇ ಹೆಚ್ಚಂತೆ. ಅದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀರು ಅಲುಗದೆ ನಿಂತರೆ ಐದೋ ಆರೋ ವರ್ಷಕ್ಕೆ ಕೆರೆ ಮತ್ತೆ ಭತ್ತದಿಂದ ತುಂಬಬಹುದು, ತುಂಬದೆಯೂ ಇರಬಹುದು ಅಂದಳು. ನನಗೆ ಅರವತ್ತೆಂಟು ವರ್ಷ, ಹೃದಯದ ಮಾತ್ರೆ ದಿನಕ್ಕೆ ಮೂರು. ಅಲ್ಲಿಯವರೆಗೆ ಪ್ರತಿ ಸುಗ್ಗಿಯಲ್ಲೂ ಇಳಿಯುತ್ತೇನೆ, ಬರಿ ನೀರಾದರೂ ಸರಿ. ನೀನು ಕೋಲು ಹಾಕುತ್ತೀಯ ಅಂತ ಕೇಳದೆಯೇ ಲೆಕ್ಕ ಹಾಕಿಕೊಂಡಿದ್ದೇನೆ.

ಇನ್ನೊಂದು ಮಾತು, ಅದಕ್ಕೇ ಈ ಕಾಗದ. ಇದನ್ನು ಜೋಪಾನವಾಗಿ ಇಟ್ಟುಕೋ.

ಕೆರೆ ತುಂಬುವುದರೊಳಗೆ ನಾನು ಹೋದರೆ, ಆ ವರ್ಷ ಇಡೀ ಊರು ಇಳಿಯಬೇಕು. ನನ್ನ ಮೇಲಿನ ಮರುಕಕ್ಕೆ ಒಬ್ಬರೂ ಮನೆಯಲ್ಲಿ ಕೂರಬಾರದು. ನೀನೂ ಕೂರಬಾರದು. ನೀನು ದುಃಖದಲ್ಲಿರುತ್ತೀಯ, ಪದ್ಧತಿಯ ಪ್ರಕಾರ ಮುಟ್ಟಬಾರದವಳು ಮೊದಲು ನೀನೇ, ನನಗೆ ಗೊತ್ತು. ಆದರೂ ಮುಟ್ಟು. ಹಿರಿಯರು ಏನಾದರೂ ಅಂದರೆ ಈ ಕಾಗದ ತೋರಿಸು, ಪಾಪ ನನ್ನ ಮೇಲಿರಲಿ. ಸುಗ್ಗಿಯ ದಿನವೇ ಸತ್ತರೆ, ನನ್ನನ್ನು ಮಣ್ಣು ಮಾಡಿದ ಕೈ ತೊಳೆದುಕೊಂಡು ಅವತ್ತೇ ದೋಣಿ ಇಳಿಸು. ಅಳಬೇಕು ಅನ್ನಿಸಿದರೆ ಕೆರೆಯ ನಡುವೆ ಹೋಗಿ, ತೆನೆ ಬಡಿಯುತ್ತಾ ಅಳು.

ನಿನ್ನ ಅತ್ತಿಗೆ,
ರೊಸೆಲ್ಲಾ